ಆಗುಂಬೆಗೆ ಬರುವವರು ಅಕ್ಟೋಬರ್‌ನಲ್ಲಿ ಬನ್ನಿ

ಮಾನ್ಯರೇ,

ಮುಂಗಾರು ಹಿಡಿಯುತ್ತಿದ್ದಂತೆ ಪತ್ರಿಕೆಗಳ ಪ್ರವಾಸದ ಪುಟದಲ್ಲಿ ಆಗುಂಬೆ ಕಾಣಿಸಿಕೊಳ್ಳುತ್ತದೆ. ಅದನ್ನು ನೋಡಿದವರೆಲ್ಲ ಜುಲೈ, ಆಗಸ್ಟ್‌ನ ವಾರಾಂತ್ಯಕ್ಕೆ ಕಾರು ಹತ್ತುತ್ತಾರೆ. ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಬೀಳುವ ಊರಿದು, ಅದರ ಬಹುಪಾಲು ಸುರಿಯುವುದೂ ಆ ದಿನಗಳಲ್ಲೇ. ಸೂರ್ಯಾಸ್ತ ನೋಡಲು ಬಂದವರು ಮಂಜು ನೋಡಿಕೊಂಡು ಹಿಂದಿರುಗುತ್ತಾರೆ.

ಮಳೆಗಾಲದಲ್ಲಿ ಬರುವವರಿಗೆ ಇರುವ ದೊಡ್ಡ ಹೆದರಿಕೆ ಇಂಬಳದ್ದು, ಅಂದರೆ ಜಿಗಣೆಯದ್ದು. ಅದು ಹೆದರಬೇಕಾದ ಪ್ರಾಣಿಯೇ ಅಲ್ಲ. ಕಚ್ಚಿದ್ದನ್ನು ಕಿತ್ತೆಳೆಯದೆ, ಅದರ ಸಪೂರ ತುದಿಯ ಬುಡಕ್ಕೆ ಉಗುರು ತೂರಿಸಿ ಜಾರಿಸಿದರೆ ಸಾಕು. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಇರುವುದರಿಂದ ಸ್ವಲ್ಪ ಹೊತ್ತು ರಕ್ತ ಜಿನುಗುತ್ತದೆ. ಸೋಪು ಹಾಕಿ ತೊಳೆದು ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ.

ಅಡಿಕೆ ಬೆಳೆಗಾರರಾದ ನಮ್ಮ ತಕರಾರು ಬೇರೆ. ಅಡಿಕೆಗೆ ಕೊಳೆರೋಗ ಬಾರದಂತೆ ಮಳೆ ಹಿಡಿಯುವ ಮೊದಲು ಒಮ್ಮೆ, 40–45 ದಿನ ಬಿಟ್ಟು ಮತ್ತೊಮ್ಮೆ ಶೇ 1ರ ಬೋರ್ಡೋ ದ್ರಾವಣ ಹೊಡೆಯಬೇಕು. 100 ಲೀಟರ್ ನೀರಿಗೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ. ಎರಡನ್ನೂ ಬೇರೆ ಬೇರೆ ಕದಡಿ ಕೂಡಿಸಬೇಕು, ಕೂಡಿಸಿದ ದಿನವೇ ಖಾಲಿ ಮಾಡಬೇಕು. ಗೊನೆಗೆ ಹಿಡಿದ ಮದ್ದು ಒಣಗುವ ಮೊದಲೇ ಮಳೆ ಬಂದರೆ ಎಲ್ಲ ತೊಳೆದುಹೋಗಿ, ನಾಲ್ಕೇ ದಿನಕ್ಕೆ ಮರದ ಬುಡದ ತುಂಬ ಕೊಳೆತ ಕಾಯಿ. ಹಾಗಾಗಿ ಎರಡನೇ ಮದ್ದಿಗೆ ಮಳೆ ಹೊಳವಾಗುವುದನ್ನೇ ಕಾಯುತ್ತಿರುತ್ತೇವೆ. ಪ್ರವಾಸಿಗರೂ ಅದೇ ಹೊಳವಿಗೆ ಹೊರಬೀಳುತ್ತಾರೆ! ಮದ್ದಿನ ಗಾಡಿ ಹೋಗುವ ದಾರಿಗೆ ಅಡ್ಡ ಕಾರು ನಿಲ್ಲಿಸಿ ‘ತೋಟ ತೋರಿಸಿ’ ಎಂದರೆ ಯಾರು ತೋರಿಸಬೇಕು? ನೆನೆದ ಬಸಿಗಾಲುವೆಯ ಅಂಚು ಒಂದು ಕಡೆ ತುಳಿದು ಕುಸಿದರೂ ನೀರು ಕಟ್ಟಿ ಬೇರು ಕೊಳೆಯುತ್ತದೆ ಎಂಬುದು ಬಂದವರಿಗೆ ಗೊತ್ತಿರುವುದಿಲ್ಲ.

ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ ಬಂದು ನೋಡಿ. ಹಳ್ಳ, ಅಬ್ಬಿಗಳಲ್ಲಿ ಇನ್ನೂ ನೀರಿರುತ್ತದೆ, ಇಂಬಳ ಇಳಿಮುಖವಾಗಿರುತ್ತದೆ, ಸಂಜೆಗಳು ತಿಳಿಯಾಗತೊಡಗುತ್ತವೆ. ಗದ್ದೆ ಹಣ್ಣಾಗುತ್ತಿರುತ್ತದೆ, ಅಡಿಕೆ ಕೊಯ್ಲು ಶುರುವಾಗಿರುತ್ತದೆ. ಕೊಯ್ದ ಗೊನೆ ಮರದ ತುದಿಯಿಂದ ಹಗ್ಗದ ಮೇಲೆ ಜಾರಿ ಬರುವುದು, ಸಂಜೆ ಮೆಟ್ಟುಕತ್ತಿಯ ಮುಂದೆ ಸಾಲಾಗಿ ಕೂತು ಸುಲಿಯುವುದು, ಸುಲಿದದ್ದನ್ನು ಚೊಗರು (ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಹಾಕಿ ಬೇಯಿಸಿ ಕೆಂಪಾಗಿ ಹರವುವುದು – ಮಲೆನಾಡಿನ ಬೇಸಾಯ ನೋಡಬೇಕೆಂದರೆ ಇದನ್ನು ನೋಡಬೇಕು. ಕೇಳಿದರೆ ಕೂರಿಸಿ ತೋರಿಸುವವರೂ ಇದ್ದಾರೆ. ಹಗ್ಗ ಹಿಡಿದವನ ಪಕ್ಕ ಮಾತ್ರ ನಿಲ್ಲಬೇಡಿ. ಗೊನೆ ಕೈತಪ್ಪಿದರೆ ನೇರ ತಲೆಗೇ.

ಡಿಸೆಂಬರ್‌ನಿಂದ ಮೇ ತನಕ ಕಾಡು ಒಣಗಿ, ಇಂಬಳ ಇಲ್ಲವೆಂಬ ಧೈರ್ಯದಲ್ಲಿ ಜನ ಚಡ್ಡಿಯಲ್ಲೇ ನುಗ್ಗುತ್ತಾರೆ, ದರಗಿನ (ಉದುರಿದ ಒಣ ಎಲೆಗಳ) ಮೇಲೆ ಕೂತು ಬುತ್ತಿ ಬಿಚ್ಚುತ್ತಾರೆ. ನಿಜವಾಗಿ ಹೆದರಬೇಕಾದ ಕಾಲ ಇದು. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ (ರಕ್ತ ಹೀರುವ ಉಣ್ಣೆ), ಅದರಲ್ಲೂ ಕಣ್ಣಿಗೆ ಸರಿಯಾಗಿ ಕಾಣದ ಮರಿ ಉಣುಗಿನಿಂದ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗು ಉದುರಿ ಸುತ್ತಲಿನ ದರಗಿನಲ್ಲಿ ಸೇರಿಕೊಳ್ಳುತ್ತದೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೊರಡುವ ಮೊದಲು ಕೈಕಾಲಿಗೆ ಉಣುಗನ್ನು ದೂರವಿಡುವ ಡೆಪಾ ತೈಲ ಹಚ್ಚಿಕೊಳ್ಳಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಹಿಂದಿರುಗಿದ ಕೂಡಲೇ ಬಿಸಿನೀರು, ಸೋಪಿನಲ್ಲಿ ಮೈ ಉಜ್ಜಿ ತೊಳೆದು, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಕಚ್ಚಿಕೊಂಡ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಎಳೆಯಬೇಕೇ ಹೊರತು ಬೆರಳಲ್ಲಿ ಹಿಸುಕಬಾರದು.

ಕಚ್ಚಿದ 3ರಿಂದ 8 ದಿನಕ್ಕೆ ಜ್ವರ ಬರುವುದರಿಂದ, ಬಂದವರು ಅಷ್ಟರಲ್ಲಿ ಬೆಂಗಳೂರನ್ನೋ ಹುಬ್ಬಳ್ಳಿಯನ್ನೋ ಸೇರಿರುತ್ತಾರೆ. ಅಲ್ಲಿನ ವೈದ್ಯರಿಗೆ ಮೊದಲು ನೆನಪಾಗುವುದು ಡೆಂಗಿ. ಇದ್ದಕ್ಕಿದ್ದಂತೆ ವಿಪರೀತ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆವೆಂದು ರೋಗಿಯೇ ಬಾಯಿಬಿಟ್ಟು ಹೇಳಬೇಕು. ರಕ್ತಸ್ರಾವದ ಅಪಾಯ ಇರುವ ಕಾಯಿಲೆಯಾದ್ದರಿಂದ ಆಸ್ಪಿರಿನ್‌ನಂಥ ನೋವಿನ ಮಾತ್ರೆಯನ್ನು ತಾವಾಗಿಯೇ ನುಂಗುವುದು ಬೇಡ. ಈ ಕಾಯಿಲೆಗೆ ಇಂಥದ್ದೇ ಎಂಬ ಔಷಧಿ ಇಲ್ಲ, ಬೇಗ ದಾಖಲಾಗಿ ಆರೈಕೆ ಪಡೆಯುವುದೇ ದಾರಿ.

ಆಗುಂಬೆಯ ಲೇಖನ ಅಚ್ಚು ಹಾಕುವಾಗ ಜಲಪಾತದ ಚಿತ್ರದ ಕೆಳಗೆ ಕೊನೆಯ ಪಕ್ಷ ಈ ಉಣುಗಿನ ವಿಚಾರವನ್ನಾದರೂ ಎರಡು ಸಾಲು ಸೇರಿಸಬೇಕೆಂದು ಕೋರಿಕೆ.

– ತೀರ್ಥಹಳ್ಳಿ ತಾಲ್ಲೂಕಿನ ಕೆಲವು ಅಡಿಕೆ ಬೆಳೆಗಾರರು