ಕ್ಲಾಸ್ಟ್ರಮ್: ಸ್ವಿಚ್ಚು ಎನ್ನುವ ಮೊದಲು ಕೋಶಗಳನ್ನು ನೋಡಿ

ಮಾನ್ಯ ಸಂಪಾದಕರೆ,

ಮಿದುಳಿನಲ್ಲಿ ಕ್ಲಾಸ್ಟ್ರಮ್ ಎಂಬ ತೆಳು ಪದರವಿದೆ, ಅದೇ ಪ್ರಜ್ಞೆಯ ಸ್ವಿಚ್ಚು, ಅದನ್ನು ಒತ್ತಿದರೆ ಮನುಷ್ಯನ ಎಚ್ಚರವೇ ಹೋಗುತ್ತದೆ ಎಂಬ ಮಾತು ವಿಜ್ಞಾನದ ಅಂಕಣಗಳಲ್ಲೂ ಮೊಬೈಲ್ ಸಂದೇಶಗಳಲ್ಲೂ ಆಗಾಗ ಕಾಣುತ್ತದೆ. ಎಂಬಿಬಿಎಸ್ ಮೊದಲ ವರ್ಷಕ್ಕೆ ಬರುವ ಮಕ್ಕಳಲ್ಲಿ ಕೆಲವರು ಇದನ್ನು ನಿಜವೆಂದೇ ನಂಬಿರುತ್ತಾರೆ. ಅಂಗರಚನಾಶಾಸ್ತ್ರ ಪಾಠ ಮಾಡುವ ನಮಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ಈ ಮಾತಿಗೆ ಎರಡು ಮೂಲಗಳಿವೆ. ಡಿಎನ್‌ಎ ರಚನೆಯನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್ 2004ರಲ್ಲಿ ತೀರಿಕೊಳ್ಳುವವರೆಗೂ ನರವಿಜ್ಞಾನಿ ಕ್ರಿಸ್ಟೋಫ್ ಕೋಖ್ ಜೊತೆ ಕ್ಲಾಸ್ಟ್ರಮ್ ಬಗ್ಗೆ ಬರೆಯುತ್ತಿದ್ದರು. 2005ರಲ್ಲಿ ಪ್ರಕಟವಾದ ಆ ಲೇಖನ, ಬೇರೆ ಬೇರೆ ಇಂದ್ರಿಯಗಳ ಮಾಹಿತಿಯನ್ನು ಒಂದುಗೂಡಿಸುವ ಕೆಲಸ ಇದರದ್ದಿರಬಹುದು ಎಂದು ಊಹಿಸಿತು. ಊಹೆ ಎಂದು ಅವರೇ ಹೇಳಿದ್ದರು. ಎರಡನೆಯದು 2014ರ ವರದಿ. ಮೂರ್ಛೆರೋಗಕ್ಕೆ ಪರೀಕ್ಷೆ ನಡೆಯುತ್ತಿದ್ದ 54 ವರ್ಷದ ಮಹಿಳೆಯೊಬ್ಬರ ಎಡ ಕ್ಲಾಸ್ಟ್ರಮ್ ಪಕ್ಕದ ಎಲೆಕ್ಟ್ರೋಡಿನಲ್ಲಿ ವಿದ್ಯುತ್ ಹರಿಸಿದಾಗ ಅವರು ಓದುವುದನ್ನು ನಿಲ್ಲಿಸಿ, ಕರೆದರೂ ಓಗೊಡದೆ ದಿಟ್ಟಿಸುತ್ತ ಕೂತರು. ವಿದ್ಯುತ್ ನಿಲ್ಲಿಸಿದೊಡನೆ ಸರಿಹೋದರು, ನಡುವೆ ಆದದ್ದು ನೆನಪಿರಲಿಲ್ಲ. ಸ್ವಿಚ್ಚಿನ ಕಥೆ ಹುಟ್ಟಿದ್ದು ಇಲ್ಲಿಂದ. ಆದರೆ ಇದು ಒಬ್ಬರೇ ರೋಗಿಯ ಮಾತು. ಅವರ ಮಿದುಳಿನಲ್ಲಿ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನ ಒಂದು ಭಾಗವನ್ನು ಮೊದಲೇ ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಲಾಗಿತ್ತು. ಒಂದೆರಡು ಮಿಲಿಮೀಟರ್ ದಪ್ಪದ ಪದರದ ಪಕ್ಕದಲ್ಲಿ ಹರಿಸಿದ ವಿದ್ಯುತ್ತು ಆ ಪದರದಲ್ಲೇ ನಿಲ್ಲುವುದಿಲ್ಲ, ಅಕ್ಕಪಕ್ಕದ ಬಿಳಿ ನಾರುಗಳಿಗೂ ಮಿದುಳಿನ ಹೊರಪದರದ ಭಾಗವಾದ ಇನ್ಸುಲಾಕ್ಕೂ ಹೋಗುತ್ತದೆ. 2019ರಲ್ಲಿ ಬೇರೆ ರೋಗಿಗಳಲ್ಲಿ ಕ್ಲಾಸ್ಟ್ರಮ್ ಉದ್ದೀಪಿಸಿದ ವರದಿ ಬಂತು, ಅವರ ಪ್ರಜ್ಞೆ ತಪ್ಪಲಿಲ್ಲ. ತಲೆಗೆ ಗುಂಡು, ಚೂರು ಹೊಕ್ಕ ವಿಯೆಟ್ನಾಂ ಯುದ್ಧದ ಅಮೆರಿಕನ್ ಸೈನಿಕರ 2015ರ ಅಧ್ಯಯನದಲ್ಲೂ ಕ್ಲಾಸ್ಟ್ರಮ್‌ಗೆ ಆದ ಗಾಯಕ್ಕೂ ಪ್ರಜ್ಞೆ ಎಷ್ಟು ಹೊತ್ತು ಹೋಗಿತ್ತು ಎಂಬುದಕ್ಕೂ ಸಂಬಂಧ ಕಂಡಿತು, ಎಷ್ಟು ಸಲ ಹೋಯಿತು ಎಂಬುದಕ್ಕೆ ಕಾಣಲಿಲ್ಲ.

ಸ್ವಿಚ್ಚಿನ ಮಾತು ಏಕೆ ಹೊಂದುವುದಿಲ್ಲ ಎಂಬುದು ಕೋಶಗಳನ್ನು ನೋಡಿದರೆ ತಿಳಿಯುತ್ತದೆ. ಇಲ್ಲಿನ ಬಹುಪಾಲು ನರಕೋಶಗಳು ಗ್ಲುಟಮೇಟ್ ಎಂಬ ರಾಸಾಯನಿಕ ಬಿಡುಗಡೆ ಮಾಡಿ ಬೇರೆ ಕೋಶಗಳನ್ನು ಎಬ್ಬಿಸುವ ಉದ್ದೀಪಕ ಕೋಶಗಳು. ಅವುಗಳ ಕವಲುಗಳ ಮೇಲೆ ಸಣ್ಣ ಮುಳ್ಳುಗಳಿರುತ್ತವೆ, ಸಂದೇಶ ಒಯ್ಯುವ ಉದ್ದನೆಯ ನಾರು, ಅಂದರೆ ಆಕ್ಸಾನ್, ಕ್ಲಾಸ್ಟ್ರಮ್ ಬಿಟ್ಟು ಮಿದುಳಿನ ಹೊರಪದರವಾದ ಕಾರ್ಟೆಕ್ಸ್‌ಗೆ ಹೋಗುತ್ತದೆ. ಉಳಿದವು ಗಾಬಾ ಎಂಬ ರಾಸಾಯನಿಕ ಬಿಡುವ, ಅಲ್ಲೇ ಸ್ಥಳೀಯವಾಗಿ ಕೆಲಸ ಮಾಡುವ ತಡೆಕೋಶಗಳು. ಇವುಗಳನ್ನು ಒಳಗಿರುವ ಪ್ರೋಟೀನಿನ ಮೇಲೆ ಪಾರ್ವಾಲ್ಬುಮಿನ್, ಸೊಮಾಟೊಸ್ಟಾಟಿನ್, ವಿಐಪಿ ಗುಂಪುಗಳಾಗಿ ಗುರುತಿಸುತ್ತಾರೆ. ಮನುಷ್ಯನ ಕ್ಲಾಸ್ಟ್ರಮ್‌ನಲ್ಲಿ ಅಂಗರಚನಾ ತಜ್ಞರಾದ ಬ್ರಾಕ್ ದಂಪತಿ 1982ರಲ್ಲೇ ಮುಳ್ಳಿರುವ ಮತ್ತು ಮುಳ್ಳಿಲ್ಲದ ಕೋಶಗಳನ್ನು ಬೇರೆ ಮಾಡಿ ವಿವರಿಸಿದ್ದರು. ಇಲಿ ಜಾತಿಯ ಪ್ರಾಣಿಗಳ ಮೇಲಿನ 2016ರ ಅಧ್ಯಯನವೊಂದು ಇನ್ನೂ ಮುಖ್ಯವಾದದ್ದನ್ನು ತೋರಿಸಿತು. ಅಡ್ಡ ಕತ್ತರಿಸಿದ ಚೂರಿನಲ್ಲಿ ಉದ್ದೀಪಕ ಕೋಶಗಳು ಒಂದಕ್ಕೊಂದು ಸೇರಿಕೊಂಡಿರುವುದು ಅಪರೂಪ. ಪಾರ್ವಾಲ್ಬುಮಿನ್ ಕೋಶಗಳು ಮಾತ್ರ ತಮ್ಮತಮ್ಮಲ್ಲಿ ರಾಸಾಯನಿಕವಾಗಿಯೂ ವಿದ್ಯುತ್ ಸಂಧಿಗಳ ಮೂಲಕವೂ ಬಿಗಿಯಾಗಿ ಹೆಣೆದುಕೊಂಡಿವೆ, ಉದ್ದೀಪಕ ಕೋಶಗಳನ್ನು ಅವೇ ಹತೋಟಿಯಲ್ಲಿಡುತ್ತವೆ.

ಸಂಪರ್ಕಗಳ ವಿಷಯಕ್ಕೆ ಬಂದರೆ, ಕ್ಲಾಸ್ಟ್ರಮ್‌ಗೂ ಕಾರ್ಟೆಕ್ಸ್‌ನ ಬಹುತೇಕ ಎಲ್ಲ ಭಾಗಕ್ಕೂ ಹೋಗಿ ಬರುವ ದಾರಿಗಳಿವೆ. ಎಲ್ಲವೂ ಒಂದೇ ಸಮನಲ್ಲ. ಇಲಿಯಲ್ಲಿ ಮುಂಭಾಗದ ಕಾರ್ಟೆಕ್ಸ್ ಮತ್ತು ಒಳಬದಿಯ ಸಿಂಗ್ಯುಲೇಟ್ ಕಾರ್ಟೆಕ್ಸ್ ಜೊತೆಗಿನ ನಂಟು ದಟ್ಟ, ಪ್ರಾಥಮಿಕ ಇಂದ್ರಿಯ ಭಾಗಗಳ ಜೊತೆಗಿನದು ತೆಳು. ಬೆಕ್ಕಿನಲ್ಲಿ ದೃಷ್ಟಿಗೆ ಮೀಸಲಾದ ಜಾಗವೇ ಇದೆ. ಹೊರಹೋಗುವ ನಾರುಗಳು ಹೆಚ್ಚಾಗಿ ತಮ್ಮದೇ ಪಾರ್ಶ್ವಕ್ಕೆ ಹೋಗುತ್ತವೆ, ಮುಂಭಾಗದಿಂದ ಬರುವವು ಎರಡೂ ಪಾರ್ಶ್ವಗಳಿಂದ ಬರುತ್ತವೆ. ಕ್ಲಾಸ್ಟ್ರಮ್ ಆಕ್ಸಾನ್ ಕಾರ್ಟೆಕ್ಸ್ ತಲುಪಿ ಏನು ಮಾಡುತ್ತದೆ ಎಂಬಲ್ಲೇ ಎಲ್ಲರೂ ಎಡವುವುದು. ತಾನು ಉದ್ದೀಪಕವಾದರೂ ಅದು ಅಲ್ಲಿನ ತಡೆಕೋಶಗಳನ್ನು ಎಬ್ಬಿಸುತ್ತದೆ, ಆ ತಡೆಕೋಶಗಳು ಸುತ್ತಲಿನ ಮುಖ್ಯ ಉದ್ದೀಪಕ ಕೋಶಗಳಾದ ಪಿರಮಿಡ್ ಕೋಶಗಳನ್ನು ಸುಮ್ಮನಾಗಿಸುತ್ತವೆ. 2018ರಲ್ಲಿ ಇಲಿಯ ಮುಂಭಾಗದ ಕಾರ್ಟೆಕ್ಸ್‌ನಲ್ಲಿ ಇದನ್ನು ತೋರಿಸಲಾಯಿತು. 2020ರಲ್ಲಿ ಜಪಾನಿನ ತಂಡವೊಂದು, ಗಾಢ ನಿದ್ದೆಯ ನಿಧಾನ ಅಲೆಗಳಲ್ಲಿ ಕಾರ್ಟೆಕ್ಸ್ ಒಟ್ಟಿಗೆ ಮೌನವಾಗುವುದಕ್ಕೆ ಕ್ಲಾಸ್ಟ್ರಮ್ ನೆರವಾಗುತ್ತದೆ ಎಂದು ಕಂಡಿತು. ಪ್ರಜ್ಞೆಯನ್ನು ಹೊತ್ತಿಸುವ ಸ್ವಿಚ್ಚಿಗೂ ಈ ಕೆಲಸಕ್ಕೂ ತುಂಬಾ ದೂರ.

ಇಲಿಯ ಫಲಿತಾಂಶವನ್ನು ಮನುಷ್ಯನಿಗೆ ಹಾಗೇ ಹಚ್ಚುವುದೂ ಕಷ್ಟ. ಮನುಷ್ಯನಲ್ಲಿ ಇನ್ಸುಲಾಕ್ಕೂ ಕ್ಲಾಸ್ಟ್ರಮ್‌ಗೂ ನಡುವೆ ಎಕ್ಸ್‌ಟ್ರೀಮ್ ಕ್ಯಾಪ್ಸೂಲ್ ಎಂಬ ಬಿಳಿ ಪದರ ಇರುತ್ತದೆ. ಇಲಿಯಲ್ಲಿ ಅದಿಲ್ಲದ್ದರಿಂದ ಗಡಿ ಎಲ್ಲಿ ಎಂಬುದನ್ನು ಜೀನ್ ಗುರುತುಗಳಿಂದ, ಪಾರ್ವಾಲ್ಬುಮಿನ್ ನಾರುಗಳ ದಟ್ಟಣೆಯಿಂದ ನಿರ್ಧರಿಸಬೇಕಾಗುತ್ತದೆ. ಗಡಿ ತಪ್ಪಿದರೆ ಇನ್ಸುಲಾದ ಕೋಶಗಳೂ ಲೆಕ್ಕಕ್ಕೆ ಸೇರುತ್ತವೆ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳಲ್ಲಿ ಈಗ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ಡಿಸೆಕ್ಷನ್ ಹಾಲ್‌ಗಳಲ್ಲಿ ವಿದ್ಯಾರ್ಥಿಗಳು ಕ್ಲಾಸ್ಟ್ರಮ್ ಅನ್ನು ಕಣ್ಣಾರೆ ನೋಡಲಿ ಎಂಬುದು ನಮ್ಮ ಒತ್ತಾಯ. ಎಂಬಾಮ್ ಮಾಡಿದ, ಅಂದರೆ ಕೆಡದಂತೆ ರಾಸಾಯನಿಕ ತುಂಬಿದ ದೇಹದಿಂದ ತೆಗೆದ ಮಿದುಳು ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಮೆತ್ತಗಿರಬಹುದು. ಅದನ್ನು ಬೇಸಿಲರ್ ರಕ್ತನಾಳಕ್ಕೆ ದಾರ ಕಟ್ಟಿ, ಶೇ 10ರ ಫಾರ್ಮಾಲಿನ್‌ನಲ್ಲಿ ತಲೆಕೆಳಗಾಗಿ ತೂಗುಬಿಟ್ಟು ಮೂರು ವಾರ ಇಡಬೇಕು. ಪಾತ್ರೆಯ ತಳಕ್ಕೆ ಬಿಟ್ಟರೆ ಚಪ್ಪಟೆಯಾಗುತ್ತದೆ. ಆಮೇಲೆ ಮಿದುಳಿನ ಎರಡು ಅರ್ಧಗಳನ್ನು ಸೇರಿಸುವ ನಾರುಕಟ್ಟಾದ ಕಾರ್ಪಸ್ ಕೆಲೋಸಮ್‌ನ ಮುಂತುದಿ, ಹಿಂತುದಿ ಎರಡೂ ಸಿಗುವ ಮಟ್ಟದಲ್ಲಿ ನೆಲಕ್ಕೆ ಸಮಾನಾಂತರವಾಗಿ, ಉದ್ದನೆಯ ಒದ್ದೆ ಚಾಕುವಿನಿಂದ ಒಂದೇ ಎಳೆತಕ್ಕೆ ಕತ್ತರಿಸಬೇಕು. ಗರಗಸದಂತೆ ಹಿಂದೆ ಮುಂದೆ ಆಡಿಸಿದರೆ ಪದರ ಹರಿಯುತ್ತದೆ. ಚೂರು 5 ಮಿಲಿಮೀಟರ್ ಇರಲಿ. ಮಿದುಳಿನ ಆಳದ ಬೂದು ಭಾಗವಾದ ಪುಟಾಮೆನ್ ಹೊರಗಡೆ ಪೆನ್ಸಿಲಿನಲ್ಲಿ ಎಳೆದ ಡೊಂಕು ಗೀಟಿನಂತೆ ಕಾಣುವುದೇ ಕ್ಲಾಸ್ಟ್ರಮ್. ತೀರ ಕೆಳಗೆ ಕತ್ತರಿಸಿದರೆ ಆ ಗೀಟು ತುಂಡು ತುಂಡಾಗಿ ಕಾಣುತ್ತದೆ. ಚಾಕುವಿನ ತಪ್ಪಲ್ಲ, ಕೆಳಭಾಗದಲ್ಲಿ ಅನ್ಸಿನೇಟ್ ಮೊದಲಾದ ನಾರುಕಟ್ಟುಗಳು ಅದನ್ನು ತೂರಿಕೊಂಡು ಹೋಗುತ್ತವೆ.

ಗೀಟು ಸ್ಪಷ್ಟವಾಗಿ ಕಾಣಬೇಕಾದರೆ ಬಣ್ಣ ಹಾಕಬೇಕು. ಚೂರುಗಳನ್ನು ರಾತ್ರಿಯಿಡೀ ಹರಿಯುವ ನೀರಿನಲ್ಲಿ ತೊಳೆದು ಫಾರ್ಮಾಲಿನ್ ಬಿಡಿಸಿ. ಒಂದು ಲೀಟರ್ ನೀರಿಗೆ 40 ಗ್ರಾಂ ಫೀನಾಲ್, 5 ಗ್ರಾಂ ಮೈಲುತುತ್ತ, 1.25 ಮಿಲಿಲೀಟರ್ ದಶಮಾಂಶ ನಾರ್ಮಲ್ (0.1 N) ಹೈಡ್ರೊಕ್ಲೋರಿಕ್ ಆಮ್ಲ ಸೇರಿಸಿ, 60 ಡಿಗ್ರಿಯಲ್ಲಿ ಎರಡರಿಂದ ನಾಲ್ಕು ನಿಮಿಷ ಚೂರನ್ನು ಮುಳುಗಿಸಿ. ತಣ್ಣೀರಿಗೆ ಅದ್ದಿ, ಶೇ 1ರ ಫೆರಿಕ್ ಕ್ಲೋರೈಡಿನಲ್ಲಿ ಒಂದು ನಿಮಿಷ ಇಟ್ಟು, ಐದು ನಿಮಿಷ ಚೆನ್ನಾಗಿ ತೊಳೆದು, ಶೇ 1ರ ಪೊಟ್ಯಾಸಿಯಂ ಫೆರೊಸಯನೈಡಿಗೆ ಹಾಕಿದರೆ ಬೂದು ಭಾಗ ನೀಲಿಯಾಗುತ್ತದೆ. ಫೀನಾಲ್‌ನಿಂದಾಗಿ ಬಿಳಿ ಭಾಗದ ಮೇಲೆ ಕೊಬ್ಬಿನ ಪೊರೆ ಕೂತು ಬಣ್ಣ ತಡೆಯುತ್ತದೆ. ಫೀನಾಲ್ ದ್ರಾವಣ ತಣ್ಣಗಾಗಿದ್ದರೆ ಪೊರೆ ಸರಿಯಾಗಿ ಕೂರದೆ ಎಲ್ಲವೂ ನೀಲಿಯಾಗುತ್ತದೆ. ಫೀನಾಲ್ ಚರ್ಮ ಸುಡುತ್ತದೆ, ಅದರ ಆವಿಯೂ ವಿಷ. ಗ್ಲೌಸ್, ಕನ್ನಡಕ, ಆವಿ ಹೊರಹಾಕುವ ಫ್ಯೂಮ್ ಹುಡ್ ಇಲ್ಲದ ಕಡೆ ಇದನ್ನು ಮಾಡಲೇಬಾರದು.

ವಿದ್ಯಾರ್ಥಿಗಳು ಮುಂದೆ ವೈದ್ಯರಾದಾಗ ಇದು ಕೆಲಸಕ್ಕೆ ಬರುತ್ತದೆ. ಜ್ವರದ ಬೆನ್ನಿಗೆ ನಿಲ್ಲದ ಫಿಟ್ಸ್ ಬಂದವರ ಎಂಆರ್‌ಐನಲ್ಲಿ ಕೆಲವೊಮ್ಮೆ ಎರಡೂ ಕ್ಲಾಸ್ಟ್ರಮ್ ಹೊಳೆಯುತ್ತವೆ, ಅದೂ ಮೊದಲ ದಿನವೇ ಅಲ್ಲ, ಸಾಮಾನ್ಯವಾಗಿ ಕೆಲವು ದಿನ ಕಳೆದ ಮೇಲೆ. ತಾಮ್ರ ಮೈಯಲ್ಲಿ ಸೇರಿಕೊಳ್ಳುವ ವಿಲ್ಸನ್ ಕಾಯಿಲೆಯಲ್ಲೂ ಹೀಗೆ ಕಾಣುವುದುಂಟು. ಮೊದಲ ಸ್ಕ್ಯಾನ್ ಸರಿಯಿದೆ ಎಂದು ಸುಮ್ಮನಿರದೆ ಎರಡನೆಯದನ್ನು ಮಾಡಿಸಿ, ಇನ್ಸುಲಾಕ್ಕೂ ಪುಟಾಮೆನ್‌ಗೂ ನಡುವಿನ ಆ ಗೀಟನ್ನು ಹುಡುಕಿ ನೋಡಬೇಕು.

— ಅಂಗರಚನಾಶಾಸ್ತ್ರ ಬೋಧಕರು, ತುಮಕೂರು