ಹಳೆಯ ರಿಸೀವರ್‌ಗಳ ಎಚ್‌ಡಿಎಂಐ ಬೋರ್ಡ್ ರಿಪೇರಿ ನಿಲ್ಲಿಸುತ್ತಿರುವ ಬಗ್ಗೆ

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಮೈಸೂರಿನ ಅಂಗಡಿಯಲ್ಲಿ ಹೋಂ ಥಿಯೇಟರ್ ರಿಸೀವರ್‌ಗಳ ಎಚ್‌ಡಿಎಂಐ ಬೋರ್ಡ್ ರಿಪೇರಿ ಇರುವುದಿಲ್ಲ. ಆಂಪ್ಲಿಫೈಯರ್ ಭಾಗದ ಕೆಲಸ ಎಂದಿನಂತೆ ನಡೆಯುತ್ತದೆ. ಈಗಾಗಲೇ ಸೆಟ್ ಒಪ್ಪಿಸಿ ರಸೀದಿ ಪಡೆದವರ ಕೆಲಸವನ್ನು ಮುಗಿಸಿಯೇ ಕೊಡುತ್ತೇವೆ. ಹಿಂದೆ ಮಾಡಿಕೊಟ್ಟ ಬೋರ್ಡ್‌ಗಳಿಗೆ ಬರೆದುಕೊಟ್ಟಿರುವ ಮೂರು ತಿಂಗಳ ವಾರಂಟಿಗೂ ಧಕ್ಕೆಯಿಲ್ಲ.

‘ಹಾಗಾದರೆ ಹೊಸದನ್ನೇ ಕೊಳ್ಳಬೇಕೇ?’ ಎಂದು ಸುದ್ದಿ ಕೇಳಿದವರೆಲ್ಲ ವಿಚಾರಿಸುತ್ತಿದ್ದಾರೆ. ಹೊಸ ರಿಸೀವರ್ ಮಾರುವುದೂ ನಮ್ಮ ವ್ಯಾಪಾರವೇ. ಆದರೂ ಹೆಚ್ಚಿನ ಮನೆಗಳಿಗೆ ಬೇಡವೆಂದೇ ಹೇಳುತ್ತೇವೆ.

ರಿಸೀವರ್ ಎಂಬ ಒಂದೇ ಡಬ್ಬಿಯೊಳಗೆ ಎರಡು ಯಂತ್ರಗಳಿವೆ. ಸ್ಪೀಕರ್ ನುಡಿಸುವ ಆಂಪ್ಲಿಫೈಯರ್ ಒಂದು, ಚಿತ್ರವನ್ನು ಟಿವಿಗೆ ದಾಟಿಸುವ ಎಚ್‌ಡಿಎಂಐ ಬೋರ್ಡ್ ಇನ್ನೊಂದು. ಮೊದಲನೆಯದು ಗಟ್ಟಿ ಜೀವ. ಅದರ ಕಾಯಿಲೆಗಳು ನಮಗೆ ಚೆನ್ನಾಗಿ ಗೊತ್ತು: ಕಪ್ಪುಗಟ್ಟಿದ ರಿಲೇ, ಒಣಗಿದ ಕೆಪಾಸಿಟರ್, ಬಿರುಕುಬಿಟ್ಟ ಬೆಸುಗೆ, ಕೆಲವೊಮ್ಮೆ ಟ್ರಾನ್ಸ್‌ಫಾರ್ಮರ್ ಪಕ್ಕದ ಬಿಸುಪಿಗೆ ಬಂದು ಮೊಟ್ಟೆಯಿಟ್ಟ ಹಲ್ಲಿ. ಇವೆಲ್ಲಕ್ಕೂ ಮದ್ದಿದೆ, ಬಿಡಿಭಾಗವೂ ಸಿಗುತ್ತದೆ.

ಬೋರ್ಡ್ ಕತೆ ಬೇರೆ. ಸದಾ ಬಿಸಿಯಲ್ಲಿ ಬೇಯುವ ಅದರ ಚಿಪ್ಪನ್ನು ಮತ್ತೆ ಕಾಯಿಸಿ ಕೂರಿಸಿದರೆ ಕೆಲವು ತಿಂಗಳು ನಡೆಯುತ್ತದೆ, ಆಮೇಲೆ ಪರದೆ ಪುನಃ ಕಪ್ಪಾಗುತ್ತದೆ. ಬದಲಿ ಬೋರ್ಡ್ ಬೇಕೆಂದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸತ್ತ ಸೆಟ್‌ನಿಂದ ಕಳಚಿದ್ದೇ ಗತಿ. ಅದಕ್ಕೂ ನಿಮ್ಮದರಷ್ಟೇ ವಯಸ್ಸು. ಇಷ್ಟು ಖರ್ಚು ಮಾಡಿ ಸರಿಪಡಿಸಿದರೂ 2010ರ ಬೋರ್ಡ್ 2010ರದ್ದೇ. ಸೆಕೆಂಡಿಗೆ 60 ಫ್ರೇಮಿನ 4ಕೆ ಚಿತ್ರವನ್ನು ದಾಟಿಸುವ ಎಚ್‌ಡಿಎಂಐ 2.0 ಬಂದದ್ದೇ 2013ರಲ್ಲಿ. 4ಕೆ ಪೆಟ್ಟಿಗೆಗಳು ಕೇಳುವ, ನಕಲು ತಡೆಯುವ ಎಚ್‌ಡಿಸಿಪಿ 2.2 ಎಂಬ ಬೀಗದ ಕೈಯೂ ಆ ಕಾಲದ ರಿಸೀವರ್‌ಗಳಲ್ಲಿ ಇಲ್ಲ. ಇಂಥ ಕೆಲಸಕ್ಕೆ ನಿಮ್ಮಿಂದ ದುಡ್ಡು ತೆಗೆದುಕೊಳ್ಳಲು ನಮಗೆ ಮನಸ್ಸಿಲ್ಲ.

ಬದಲಿಗೆ ಮಾಡುವುದಿಷ್ಟೇ: ಚಿತ್ರದ ಉಸಾಬರಿಯನ್ನು ರಿಸೀವರ್‌ನಿಂದ ಬಿಡಿಸುವುದು. ಸೆಟ್‌ಟಾಪ್ ಬಾಕ್ಸ್, ಸ್ಟ್ರೀಮಿಂಗ್ ಸ್ಟಿಕ್ ಎಲ್ಲವೂ ನೇರ ಟಿವಿಗೆ. ಧ್ವನಿಗಾಗಿ ಮಾತ್ರ ಟಿವಿಯ ಆಪ್ಟಿಕಲ್ ಕಿಂಡಿಯಿಂದ ಒಂದು ತಂತಿ ರಿಸೀವರ್‌ಗೆ. ತಂತಿಯ ಬೆಲೆ ಕೆಲವು ನೂರು ರೂಪಾಯಿ. ಎಚ್‌ಡಿಎಂಐ ಇನ್ನೂ ಕೆಲಸ ಮಾಡುತ್ತಿದ್ದು, ಟಿವಿ ಮತ್ತು ರಿಸೀವರ್ ಎರಡರ ಎಚ್‌ಡಿಎಂಐ ಕಿಂಡಿಯ ಮೇಲೂ ‘ಎಆರ್‌ಸಿ’ (ಟಿವಿಯ ಧ್ವನಿ ಅದೇ ತಂತಿಯಲ್ಲಿ ರಿಸೀವರ್‌ಗೆ ಮರಳುವ ಸೌಲಭ್ಯ) ಎಂದು ಬರೆದಿದ್ದರೆ ಆಪ್ಟಿಕಲ್ ತಂತಿಯೂ ಬೇಡ, ಸಾಮಾನ್ಯವಾಗಿ ಟಿವಿಯ ರಿಮೋಟಿನಲ್ಲೇ ಧ್ವನಿ ಏರಿಸಿ ಇಳಿಸಬಹುದು. ಆಪ್ಟಿಕಲ್‌ನಲ್ಲಿ ಎರಡು ರಿಮೋಟ್ ಹಿಡಿಯುವ ಕಿರಿಕಿರಿ ಉಳಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಮನೆಯಲ್ಲಿ ತಾವೇ ಇದನ್ನು ಮಾಡಿಕೊಂಡವರು ‘ಬೆನ್ನ ಹಿಂದಿನ ಸ್ಪೀಕರ್ ಸತ್ತಿದೆ’ ಎಂದು ಸೆಟ್ ಹೊತ್ತು ತರುತ್ತಾರೆ. ಸ್ಪೀಕರ್ ಸತ್ತಿರುವುದಿಲ್ಲ. ಟಿವಿಯ ಧ್ವನಿ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ ‘ಪಿಸಿಎಂ’ ಎಂದಿರುತ್ತದೆ. ಆಪ್ಟಿಕಲ್ ತಂತಿಯಲ್ಲಿ ಪಿಸಿಎಂ ಎಂದರೆ ಎರಡೇ ಚಾನೆಲ್. ಅದನ್ನು ‘ಡಾಲ್ಬಿ ಡಿಜಿಟಲ್’ಗೆ ಬದಲಾಯಿಸಿ, 5.1 ಧ್ವನಿಯಿರುವ (ಐದು ಸ್ಪೀಕರ್, ಒಂದು ಸಬ್‌ವೂಫರ್‌ಗೆ ಬೇರೆ ಬೇರೆ ಧ್ವನಿ) ಸಿನಿಮಾ ಹಾಕಿ. ರಿಸೀವರ್‌ನ ಮುಖದ ಮೇಲೆ ಡಾಲ್ಬಿಯ ಗುರುತು ಮೂಡಿತೆಂದರೆ ಹಿಂದಿನ ಸ್ಪೀಕರ್‌ಗಳಿಗೂ ಧ್ವನಿ ಹೋಗುತ್ತಿದೆ ಎಂದರ್ಥ. ಮಾತು ತುಟಿಗಿಂತ ಹಿಂದೆ ಮುಂದೆ ಆಗುವುದಾದರೆ ಅದಕ್ಕೂ ಮೆನುವಿನಲ್ಲಿ ಜಾಗವಿದೆ. ಡಿವಿಡಿ, ಬ್ಲೂ-ರೇ ಸಂಗ್ರಹ ದೊಡ್ಡದಿರುವವರಿಗೆ ಒಂದು ಕಿವಿಮಾತು: ಕೆಲವು ಟಿವಿಗಳು ಡಿಟಿಎಸ್ ಧ್ವನಿಯನ್ನು ಮುಂದಕ್ಕೆ ಬಿಡುವುದಿಲ್ಲ. ಪ್ಲೇಯರ್‌ನ ಆಪ್ಟಿಕಲ್ ಅಥವಾ ಕೋಆಕ್ಸಿಯಲ್ ತಂತಿಯನ್ನು ನೇರವಾಗಿ ರಿಸೀವರ್‌ಗೇ ಕೊಡಿ.

ಹೊಸ ರಿಸೀವರ್ ನಿಜಕ್ಕೂ ಬೇಕಾದವರೂ ಇದ್ದಾರೆ. ಚಾವಣಿಯಲ್ಲಿ ಸ್ಪೀಕರ್ ಕೂರಿಸಿ ಅಟ್ಮಾಸ್ ಕೇಳಬೇಕೆನ್ನುವವರಿಗೆ ಬೇರೆ ದಾರಿಯಿಲ್ಲ. ಟ್ರೂಎಚ್‌ಡಿಯಂಥ ನಷ್ಟರಹಿತ ಧ್ವನಿಯೂ ಆಪ್ಟಿಕಲ್ ತಂತಿಯಲ್ಲಿ ಹಾಯುವುದಿಲ್ಲ. ಆದರೆ ‘ನಮ್ಮದು 80 ವಾಟ್, ಹೊಸದು 100 ವಾಟ್’ ಎಂಬ ಒಂದೇ ಕಾರಣಕ್ಕೆ ಬರುವವರನ್ನು ನಾವೇ ತಡೆಯುತ್ತೇವೆ. ಆ ಎರಡರ ನಡುವಿನ ಧ್ವನಿಯ ಅಂತರ ಒಂದು ಡೆಸಿಬೆಲ್ ಕೂಡ ಅಲ್ಲ, ಕಿವಿಗೆ ಗೊತ್ತಾಗುವುದೇ ಕಷ್ಟ. ಸಾಲದ್ದಕ್ಕೆ, ಅಗ್ಗದ ಸೆಟ್‌ಗಳ ಡಬ್ಬಿಯ ಮೇಲಿನ ವಾಟ್ ಲೆಕ್ಕ ಎಷ್ಟೋ ಸಲ ಒಂದೇ ಚಾನೆಲ್ ನುಡಿಸಿ ಅಳೆದದ್ದು.

ಉಳಿದ ದುಡ್ಡನ್ನು ಸಬ್‌ವೂಫರ್‌ಗೋ ಮುಂದಿನ ಸ್ಪೀಕರ್‌ಗಳಿಗೋ ಹಾಕಿ. ಕೇಳುವುದು ಅದೇ. ಸ್ಪೀಕರ್ ತಂತಿಯನ್ನು ಮಾತ್ರ ನೋಡಿ ಕೊಳ್ಳಿ. ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ನಮ್ಮ ಅಂಗಡಿಯದಾದರೂ ಕೆರೆದು ನೋಡಿಯೇ ತೆಗೆದುಕೊಳ್ಳಿ.

ಇನ್ನು ದರ. ಸೆಟ್ ತಪಾಸಣೆಗೆ 300 ರೂಪಾಯಿ, ಆಂಪ್ಲಿಫೈಯರ್ ರಿಪೇರಿ ನಮ್ಮಲ್ಲೇ ಮಾಡಿಸಿದರೆ ಬಿಲ್ಲಿನಲ್ಲಿ ಕಳೆಯುತ್ತೇವೆ. ಮನೆಗೆ ಬಂದು ಮೇಲೆ ಹೇಳಿದಂತೆ ಜೋಡಿಸಿ, ಸ್ಪೀಕರ್‌ಗಳ ದೂರ ಮತ್ತು ಮಟ್ಟ ಹೊಂದಿಸಿಕೊಡಲು 800 ರೂಪಾಯಿ. ಇದು ನಗರದೊಳಗೆ ಮಾತ್ರ. ನಂಜನಗೂಡು, ಶ್ರೀರಂಗಪಟ್ಟಣದ ಕಡೆಯವರು ಬಸ್ಸಿನಲ್ಲಿ ಭಾರ ಹೊತ್ತು ಬರುವ ಮೊದಲು ರಿಸೀವರ್ ಮತ್ತು ಟಿವಿ ಎರಡರ ಹಿಂಭಾಗದ ಫೋಟೊ ಕಳುಹಿಸಿ. ಎಷ್ಟೋ ಸಲ ಫೋನಿನಲ್ಲೇ ಬಗೆಹರಿಯುತ್ತದೆ, ಅದಕ್ಕೆ ಶುಲ್ಕವಿಲ್ಲ.

ಅಮೆರಿಕದಲ್ಲಿರುವ ಮಕ್ಕಳು ತಂದುಕೊಟ್ಟ ಸೆಟ್ ಆದರೆ ಹಿಂದಿನ ಚೀಟಿಯಲ್ಲಿ 120 ವೋಲ್ಟ್ ಎಂದಿದೆಯೇ ನೋಡಿ. ಇದ್ದರೆ ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರ ಸಿಕ್ಕಿಸಬೇಡಿ. ಮನೆಯಲ್ಲಿ ಬಳಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರನ್ನೂ ಜೊತೆಗೆ ತನ್ನಿ, ಅದರ ತಾಕತ್ತು ಸಾಕೇ ಎಂದು ಪರೀಕ್ಷಿಸಿ ಹೇಳುತ್ತೇವೆ.

ಬರುವಾಗ ರಿಮೋಟ್ ಮರೆಯಬೇಡಿ. ಅದಿಲ್ಲದೆ ಹಲವು ಸೆಟ್‌ಗಳ ಮೆನು ತೆರೆಯುವುದೇ ಇಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ಮಾಲೀಕರು ಮತ್ತು ಸರ್ವೀಸ್ ವಿಭಾಗದವರು