ಆ ಒಂದೂವರೆ ಪುಟ

ಪ್ರೀತಿಯ ತಂಗಿ,

ನಿನ್ನ ಹಸ್ತಪ್ರತಿ ಓದಿ ಮುಗಿಸಿ ಹನ್ನೆರಡು ದಿನವಾಯಿತು. ಮುಗಿಸಿದ ರಾತ್ರಿಯೇ ಬರೆಯಬೇಕೆಂದು ಕೂತೆ, ಆಗಲಿಲ್ಲ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಕಾಗದದ ಕೊನೆಯಲ್ಲಿ ನೀನು, ‘ಇಷ್ಟು ಜನ ಬೇಡ ಅಂದ ಮೇಲೆ ಇದನ್ನು ಒಲೆಗೆ ಹಾಕುವುದೇ ವಾಸಿ’ ಎಂದು ಬರೆದಿದ್ದೀಯ. ಓದಿ ಸಂಕಟವಾಯಿತು. ಸಿಟ್ಟೂ ಬಂತು. ನಾಲ್ಕು ವರ್ಷದ ಕೆಲಸದ ಬಗ್ಗೆ ಹಾಗೆಲ್ಲ ಮಾತಾಡಬಾರದು. ‘ಗಿನಿ ದೇಶದ ಮಂತ್ರಿಯೊಬ್ಬನ ಕಥೆ ಕನ್ನಡದಲ್ಲಿ ಯಾರಿಗೆ ಬೇಕು’ ಎಂದು ಪ್ರಕಾಶಕರು ಕೇಳಿದರಂತೆ. ಕೇಳಲಿ ಬಿಡು. ನನಗೆ ಬೇಕಿತ್ತು, ನಾನು ಓದಿದೆ. ಪುಸ್ತಕ ಎಷ್ಟು ಪುಟ ಇರಬೇಕು, ಮುನ್ನುಡಿ ಯಾರಿಂದ ಬರೆಸಬೇಕು, ಪ್ರಕಾಶಕರ ಹತ್ತಿರ ಹೇಗೆ ಮಾತಾಡಬೇಕು ಎಂದೆಲ್ಲ ಕೇಳಿದ್ದೀಯ. ಅದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಹೇಳಬೇಕಾಗಿರುವುದು ಒಂದೇ ಒಂದು ವಿಷಯ.

ಮೊದಲು ಸಂತೋಷದ ಮಾತು. ಗಿನಿಯ ಸಿಗಿರಿ ಊರಿನ ಅಧ್ಯಾಯ ನನಗೆ ತುಂಬಾ ಹಿಡಿಸಿತು. ನೈಜರ್ ನದಿಯ ಸೀಮೆ, ಮಲಿಂಕೆ ಜನ, ರಾಜರ ಕಥೆಯನ್ನು ತಲೆಮಾರಿನಿಂದ ತಲೆಮಾರಿಗೆ ಹಾಡಿಕೊಂಡು ಬಂದ ಗ್ರಿಯೋಗಳು, ಸೋರೆಬುರುಡೆಗೆ ಇಪ್ಪತ್ತೊಂದು ತಂತಿ ಕಟ್ಟಿದ ಕೋರಾ. ಎಲ್ಲವೂ ಕಣ್ಣಿಗೆ ಕಟ್ಟಿತು. 1921ರಲ್ಲಿ ಅಲ್ಲಿ ಹುಟ್ಟಿದ ನಿನ್ನ ಕಥಾನಾಯಕ ಫೊದೇಬಾ ಕೇಯಿಟಾ ಸೆನೆಗಾಲಿನ ವಿಲಿಯಂ ಪಾಂಟಿ ಶಾಲೆಯಲ್ಲಿ ಮೇಷ್ಟರಾಗಲು ಓದಿದ್ದು, ಅಲ್ಲಿ ನಾಟಕದ ರುಚಿ ಹತ್ತಿದ್ದು, ಕಾನೂನು ಓದಲು ಪ್ಯಾರಿಸಿಗೆ ಹೋದವನು ಕುಣಿತದ ತಂಡ ಕಟ್ಟಿಕೊಂಡು ಊರೂರು ತಿರುಗಿದ್ದು. ಮುಂದೆ ಅದೇ ತಂಡ ‘ಬ್ಯಾಲೆ ಆಫ್ರಿಕೇನ್’ ಎಂದು ಜಗತ್ತಿಗೆಲ್ಲ ಗೊತ್ತಾಯಿತು, ಸ್ವತಂತ್ರ ಗಿನಿಯ ರಾಷ್ಟ್ರೀಯ ತಂಡವೇ ಆಯಿತು. ಇಷ್ಟನ್ನು ಎಲ್ಲೂ ಎಡವದೆ ಬರೆದಿದ್ದೀಯ.

ಫೊದೇಬಾ ಬರೆದ ನಾಮಾನ್ ಕವಿತೆಯ ಅಧ್ಯಾಯವನ್ನು ಮೂರು ಸಲ ಓದಿದೆ. ಹಳ್ಳಿಯ ಒಳ್ಳೆ ರೈತ ಹುಡುಗ. ಬಿಳಿಯರ ಯುದ್ಧಕ್ಕೆ ಊರಿನಿಂದ ಒಬ್ಬನನ್ನು ಕಳಿಸಿ ಎಂದು ಅಪ್ಪಣೆ ಬರುತ್ತದೆ, ಊರಿನವರು ಅವನನ್ನು ಆರಿಸುತ್ತಾರೆ. ಹೆಂಡತಿ ಕಾದಿಯಾ ಕಾಯುತ್ತಾಳೆ. ಅವನ ಪರಾಕ್ರಮ ಕೇಳಿ ಊರ ಹಿರಿಯರು, ಇವನು ಬಂದ ಮೇಲೆ ‘ದೂಗಾ’ ಕುಣಿಯಬಹುದು ಎಂದು ತೀರ್ಮಾನ ಮಾಡುತ್ತಾರೆ. ಮಲಿಂಕೆ ದೊರೆಗಳ ಕಾಲದ ಹದ್ದಿನ ಕುಣಿತ ಅದು. ದೊಡ್ಡ ಸಾಹಸ ಮಾಡಿದವನಿಗೆ ಮಾತ್ರ ಆ ಹಕ್ಕು. ನಾಮಾನ್ ಯುದ್ಧದಲ್ಲಿ ಸಾಯುವುದಿಲ್ಲ. ಜರ್ಮನ್ನರ ಸೆರೆಯಲ್ಲೂ ಸಾಯುವುದಿಲ್ಲ. ತನ್ನದೇ ಆಫ್ರಿಕಾ ನೆಲಕ್ಕೆ ವಾಪಸ್ ಬಂದ ಮೇಲೆ, ಸೆನೆಗಾಲಿನ ಡಕಾರ್ ಹತ್ತಿರದ ತಿಯರೋಯ್‌ನಲ್ಲಿ, ಬಿಳಿ ಅಧಿಕಾರಿಗಳ ಜೊತೆ ಜಗಳ ಹತ್ತಿ ಗುಂಡು ತಗಲಿ ಸಾಯುತ್ತಾನೆ. ಇದರ ಹಿಂದೆ ನಿಜವಾಗಿ ನಡೆದದ್ದನ್ನೂ ನೀನು ಕೊಟ್ಟಿದ್ದೀಯ. 1944ರ ಡಿಸೆಂಬರ್ 1. ಜರ್ಮನ್ ಶಿಬಿರಗಳಿಂದ ಬಿಡುಗಡೆಯಾಗಿ ಬಂದ ಆಫ್ರಿಕಾದ ಸೈನಿಕರು ಬಾಕಿ ಸಂಬಳ ಕೇಳಿದರು. ಫ್ರೆಂಚ್ ಸೇನೆ ಅವರ ಮೇಲೆ ಗುಂಡು ಹಾರಿಸಿತು. ಸತ್ತವರು 35 ಎಂದು ಲೆಕ್ಕ ಬರೆದರು. ಎಷ್ಟೋ ವರ್ಷದ ಮೇಲೆ ಫ್ರಾನ್ಸಿನ ಅಧ್ಯಕ್ಷರೇ ಕನಿಷ್ಠ 70 ಎಂದು ಒಪ್ಪಿಕೊಳ್ಳಬೇಕಾಯಿತು.

1951ರಲ್ಲಿ ಫ್ರೆಂಚ್ ಸರ್ಕಾರ ತನ್ನ ಪಶ್ಚಿಮ ಆಫ್ರಿಕಾದಲ್ಲಿ ಫೊದೇಬಾನ ಬರಹಗಳನ್ನು ನಿಷೇಧಿಸಿತು. ಹತ್ತು ವರ್ಷದ ಮೇಲೆ, ವಸಾಹತುಶಾಹಿಯ ವಿರುದ್ಧ ಬರೆದ ಚಿಂತಕ ಫ್ರಾನ್ಜ್ ಫ್ಯಾನನ್ ತನ್ನ ಕೊನೆಯ ಪುಸ್ತಕದಲ್ಲಿ ಈ ಕವಿತೆಯನ್ನು ಉದ್ದಕ್ಕೂ ಎತ್ತಿ ಹಾಕಿದ. ಒಬ್ಬ ಬರಹಗಾರನಿಗೆ ಇದಕ್ಕಿಂತ ಜಾಸ್ತಿ ಏನು ಬೇಕು?

ಮಂತ್ರಿಯಾದ ಮೊದಲ ದಿನಗಳನ್ನೂ ಸರಿಯಾಗಿ ಬರೆದಿದ್ದೀಯ. 1957ರಲ್ಲಿ, ಗಿನಿ ಇನ್ನೂ ಫ್ರೆಂಚರ ವಸಾಹತಾಗಿದ್ದಾಗಲೇ, ಗೃಹ ಮಂತ್ರಿ. ಅದೇ ವರ್ಷದ ಕೊನೆಯ ದಿನ, ಫ್ರೆಂಚರ ಕೈಗೊಂಬೆಗಳಾಗಿದ್ದ ಊರ ಮುಖ್ಯಸ್ಥರ ಹುದ್ದೆಯನ್ನೇ ತೆಗೆದುಹಾಕಿದರು. ಜನರನ್ನು ಹೆದರಿಸಿ ಮತ ಹಾಕಿಸುವ ಕೈಗಳೇ ಹೋದವು. ಹಾಗಾಗಿ 1958ರ ಸೆಪ್ಟೆಂಬರ್ 28ರಂದು ಫ್ರಾನ್ಸಿನ ನಾಯಕ ದ ಗಾಲ್ ‘ನಮ್ಮ ಜೊತೆ ಇರುತ್ತೀರಾ’ ಎಂದು ಕೇಳಿದಾಗ ಗಿನಿಯ ನೂರರಲ್ಲಿ ತೊಂಬತ್ತೈದು ಜನ ‘ಇಲ್ಲ’ ಅಂದರು. ಆಫ್ರಿಕಾದ ಫ್ರೆಂಚ್ ವಸಾಹತುಗಳಲ್ಲಿ ಹಾಗೆ ಅಂದದ್ದು ಅದೊಂದೇ. ಅಕ್ಟೋಬರ್ 2ಕ್ಕೆ ದೇಶ ಸ್ವತಂತ್ರ. ಈ ಭಾಗ ಓದುವಾಗ ನನ್ನ ಮೈ ಜುಮ್ಮೆಂದಿತು.

ಆಮೇಲೆ ಪುಟ 131 ಬಂತು.

‘ಸ್ವಾತಂತ್ರ್ಯಾನಂತರ ಅವರು ಹಲವು ಮಹತ್ವದ ಜವಾಬ್ದಾರಿಗಳನ್ನು ಸಮರ್ಥವಾಗಿ ನಿರ್ವಹಿಸಿದರು.’ ಇದು ನಿನ್ನ ವಾಕ್ಯ. ಅಲ್ಲಿಂದ ಒಂದೂವರೆ ಪುಟ. ಪುಟ ತಿರುಗಿಸಿದರೆ 1969, ರಾಜಧಾನಿ ಕೊನಾಕ್ರಿಯ ಸೆರೆಮನೆ, ಅವನ ಸಾವು. ನಾನು ಅತ್ತೆ ತಂಗಿ, ಸುಳ್ಳು ಹೇಳುವುದಿಲ್ಲ. ಅತ್ತ ಮೇಲೆ ಹಿಂದಿನ ಪುಟಕ್ಕೆ ಹೋಗಿ ಮತ್ತೆ ನೋಡಿದೆ. ನಡುವಿನ ವರ್ಷಗಳು ಎಲ್ಲಿ?

ನಿನಗೆ ಗೊತ್ತಿಲ್ಲದ್ದೇನಲ್ಲ. ನೀನು ಓದಿದ ಪುಸ್ತಕಗಳಲ್ಲೆಲ್ಲ ಅದು ಇದೆ. 1961ರಿಂದ 1965ರವರೆಗೆ ಅವನು ರಕ್ಷಣೆ ಮತ್ತು ಭದ್ರತೆಯ ಮಂತ್ರಿ. ಅಧ್ಯಕ್ಷ ಸೆಕು ಟುರೆಗೆ ತೀರಾ ಹತ್ತಿರದವನು. ಪೊಲೀಸ್ ವ್ಯವಸ್ಥೆ ಕಟ್ಟಿದವನು. 1961ರ ಕೊನೆಯಲ್ಲಿ ಉಪಾಧ್ಯಾಯರ ಸಂಘ ಸಂಬಳದ ವಿಷಯ ಎತ್ತಿ ಸರ್ಕಾರಕ್ಕೆ ಮನವಿ ಬರೆಯಿತು. ಸರ್ಕಾರ ಅದಕ್ಕೆ ಪಿತೂರಿ ಎಂದು ಹೆಸರಿಟ್ಟಿತು. ಸಂಘದ ಮುಖಂಡರನ್ನು ಜೈಲಿಗೆ ಹಾಕಿತು. ಒಳಗೆ ಹೋದವರಲ್ಲಿ ಜಿಬ್ರಿಲ್ ತಮ್ಸಿರ್ ನಿಯಾನ್ ಕೂಡ ಇದ್ದ. ಗ್ರಿಯೋ ಒಬ್ಬನ ಬಾಯಿಂದ ಸುಂಜಾತ ದೊರೆಯ ಕಥೆ ಕೇಳಿ ಬರೆದುಕೊಂಡು, ಹಿಂದಿನ ವರ್ಷವಷ್ಟೇ ಅಚ್ಚು ಮಾಡಿಸಿದ್ದವನು.

ಸ್ವಲ್ಪ ನಿಂತು ಯೋಚನೆ ಮಾಡು. ಸಂಬಳ ಕೇಳಿದ ಸೈನಿಕರನ್ನು ಕೊಂದದ್ದಕ್ಕೆ ನಾಮಾನ್ ಕವಿತೆ ಬರೆದವನು ಇವನು. ಸಂಬಳ ಕೇಳಿದ ಮೇಷ್ಟರುಗಳು ಜೈಲಿಗೆ ಹೋದಾಗ ಭದ್ರತೆಯ ಮಂತ್ರಿ ಇವನು. ತಾನೂ ಮೇಷ್ಟರಾಗಲು ಓದಿದವನು. ಗ್ರಿಯೋಗಳ ಹಾಡು ಕೇಳಿ ಬೆಳೆದವನು. ಫ್ಯಾನನ್ ಪುಸ್ತಕ ಬಂದದ್ದೂ ಅದೇ ವರ್ಷ. ಫ್ಯಾನನ್ ತೀರಿಕೊಂಡದ್ದೂ ಅದೇ ಡಿಸೆಂಬರಿನಲ್ಲಿ. ನಿನ್ನ ಪುಸ್ತಕದ ಹೃದಯ ಇರುವುದು ಇಲ್ಲಿ, ಈ ಒಂದು ವರ್ಷದಲ್ಲಿ. ಅದನ್ನು ಬಿಟ್ಟು ಉಳಿದದ್ದೆಲ್ಲ ಬರೆದಿದ್ದೀಯ.

ಅವನಿಗೆ ಬೇರೆ ದಾರಿ ಇರಲಿಲ್ಲ ಅನ್ನುತ್ತೀಯಾ? ಹಾಗಾದರೆ ಅದನ್ನೂ ಬರಿ. ‘ಇಲ್ಲ’ ಅಂದದ್ದಕ್ಕೆ ಫ್ರಾನ್ಸ್ ಸೇಡು ತೀರಿಸಿಕೊಂಡಿತು. ಹೋಗುವಾಗ ಕಚೇರಿಯ ಕಡತ, ಟೆಲಿಫೋನುಗಳನ್ನೂ ಬಿಡಲಿಲ್ಲ. 1960ರಲ್ಲಿ ಗಿನಿ ತನ್ನದೇ ನೋಟು ತಂದಾಗ ಫ್ರೆಂಚ್ ಗುಪ್ತಚರರು ಖೋಟಾ ನೋಟು ಹರಿಯಬಿಟ್ಟರು. ಹಾಗಾಗಿ ಆ ಸರ್ಕಾರಕ್ಕೆ ಇದ್ದ ಭಯ ಪೂರ್ತಿ ಸುಳ್ಳಲ್ಲ. ಆ ಭಯದಲ್ಲಿ ಒಬ್ಬ ಕವಿ ಏನಾದ ಎಂದು ಓದುಗರು ತಾವೇ ನೋಡಲಿ. ಅವರು ಅವನನ್ನು ದ್ವೇಷಿಸಿಬಿಡುತ್ತಾರೆ ಎಂದು ನೀನು ಹೆದರಿದ್ದೀಯ. ಆ ಹೆದರಿಕೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೂ ಒಪ್ಪಲಾರೆ.

1969ರಲ್ಲಿ ಸೇನೆಯ ಪಿತೂರಿ ಎಂಬ ಆರೋಪ ಹೊರಿಸಿ ಅವನನ್ನೂ ಹಿಡಿದರು. ಮೇ ತಿಂಗಳಲ್ಲಿ ಕೊಂದರು. ಆ ಸೆರೆಮನೆಗೆ ಆಮೇಲೆ ಕ್ಯಾಂಪ್ ಬುವಾರೊ ಎಂದೇ ಹೆಸರಾಯಿತು. ಅನ್ನ ನೀರು ಕೊಡದೆ ಕೂಡಿಹಾಕಿ ಸಾಯಿಸುವುದಕ್ಕೆ ಅಲ್ಲಿ ‘ಕಪ್ಪು ಪಥ್ಯ’ ಎನ್ನುತ್ತಿದ್ದರು. ಆಫ್ರಿಕಾ ಏಕತಾ ಸಂಘಟನೆಯ ಮೊದಲ ಮಹಾ ಕಾರ್ಯದರ್ಶಿಯಾಗಿದ್ದ ಜಾಲೊ ತೆಲ್ಲಿ 1977ರಲ್ಲಿ ಹಾಗೇ ಸತ್ತ. ಅವನೂ ಹಿಂದಿನ ವರ್ಷದವರೆಗೆ ಆ ಸರ್ಕಾರದ ನ್ಯಾಯ ಮಂತ್ರಿ. ಇದನ್ನೆಲ್ಲ ನೀನು ಬರೆದಿದ್ದೀಯ, ಚೆನ್ನಾಗಿಯೇ ಬರೆದಿದ್ದೀಯ. ಆದರೆ ಫೊದೇಬಾ ಒಳಗೆ ಹೋದಾಗ ಆ ಬಾಗಿಲು ಅವನಿಗೆ ಹೊಸದಲ್ಲ. ಅದು ಗೊತ್ತಿಲ್ಲದ ಓದುಗ ಅಳುವುದು ಅರ್ಧ ಮನುಷ್ಯನಿಗಾಗಿ. ಗಿನಿಯ ರಾಷ್ಟ್ರಗೀತೆಯ ಸಂಗೀತಕ್ಕೆ ಇವತ್ತಿಗೂ ಅವನ ಹೆಸರೇ ಇದೆ. ಅವನನ್ನು ಕೊಂದ ಸರ್ಕಾರವೂ ಅದೇ ಹಾಡಿಗೆ ಎದ್ದು ನಿಲ್ಲುತ್ತಿತ್ತು. ಅದನ್ನು ಕೊನೆಯ ಪುಟದಲ್ಲಿ ಸುಮ್ನೆ ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದೀಯ. ಅದಕ್ಕೂ ಜಾಗ ಬೇಕು.

ಈಗ ಹನ್ನೆರಡು ದಿನದ ವಿಷಯ.

‘ಹಲವು ಮಹತ್ವದ ಜವಾಬ್ದಾರಿಗಳನ್ನು ಸಮರ್ಥವಾಗಿ ನಿರ್ವಹಿಸಿದರು.’ ಇದೇ ವಾಕ್ಯವನ್ನು ನಾನೂ ಬರೆದಿದ್ದೇನೆ, ನನ್ನ ಮೊದಲ ಪುಸ್ತಕದಲ್ಲಿ. ಅದೊಬ್ಬ ಮುಖಂಡರ ಜೀವನಚರಿತ್ರೆ. ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದವರು, ಆಮೇಲೆ ಅಧಿಕಾರದಲ್ಲಿ ಕೂತವರು. ವಿಷಯ ಸಂಗ್ರಹಕ್ಕೆ ಹಳ್ಳಿ ಹಳ್ಳಿ ತಿರುಗುವಾಗ ಒಬ್ಬ ಹೆಂಗಸು ನನ್ನನ್ನು ಕೂರಿಸಿಕೊಂಡು ಗಂಡನ ಕಥೆ ಹೇಳಿದಳು. ಗೇಣಿ ಕೊಟ್ಟದ್ದಕ್ಕೆ ರಸೀದಿ ಕೇಳಿದ್ದನಂತೆ. ಈ ಮುಖಂಡರ ಒಂದು ಮಾತಿಗೆ ಪೊಲೀಸರು ಅವನನ್ನು ಹನ್ನೊಂದು ದಿನ ಠಾಣೆಯಲ್ಲಿಟ್ಟರು. ವಾಪಸ್ ಬಂದಾಗ ಬಲಗೈ ಎತ್ತಲಾಗುತ್ತಿರಲಿಲ್ಲ, ಕೊನೆಯವರೆಗೂ ಆಗಲಿಲ್ಲ. ನಾನು ನಾಲ್ಕು ಹಾಳೆ ಬರೆದುಕೊಂಡೆ. ಬೇರೆ ಇಬ್ಬರನ್ನು ಕೇಳಿ ನಿಜ ಎಂದು ಖಾತ್ರಿ ಮಾಡಿಕೊಂಡೆ. ಆಮೇಲೆ ಮುಖಂಡರ ಮನೆಯವರು, ‘ಒಳ್ಳೇದನ್ನ ಬರೀರಿ, ಅದೆಲ್ಲ ಈಗ್ಯಾಕೆ’ ಅಂದರು. ನನಗೂ ಆ ಮನುಷ್ಯರ ಮೇಲೆ ಪ್ರೀತಿ ಇತ್ತು. ನಾಲ್ಕು ಹಾಳೆ ತೆಗೆದು ಆ ವಾಕ್ಯ ಹಾಕಿದೆ.

ಬಿಡುಗಡೆಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ, ಚಪ್ಪಾಳೆ. ಎಲ್ಲ ಮುಗಿದು ಜನ ಕರಗಿದ ಮೇಲೆ ಅವಳು ಮೊಮ್ಮಗನ ಕೈ ಹಿಡಿದುಕೊಂಡು ಬಂದಳು. ದುಡ್ಡು ಕೊಟ್ಟು ಪುಸ್ತಕ ತೆಗೆದುಕೊಂಡಿದ್ದಳು. ‘ನಮ್ ಯಜಮಾನ್ರ ವಿಷ್ಯ ಎಷ್ಟನೇ ಪುಟದಲ್ಲೈತೆ ಸ್ವಾಮಿ? ಹುಡುಗ ಓದಿ ಹೇಳ್ತಾನೆ’ ಅಂದಳು.

‘ಎರಡನೇ ಮುದ್ರಣದಲ್ಲಿ ಬರುತ್ತೆ ಅಮ್ಮ’ ಅಂದೆ.

‘ಆಗ್ಲಿ ಸ್ವಾಮಿ’ ಅಂದಳು. ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಎರಡನೇ ಮುದ್ರಣ ಬರಲೇ ಇಲ್ಲ. ಆ ನಾಲ್ಕು ಹಾಳೆಗಳನ್ನು ಮನೆ ಬದಲಿಸುವಾಗ ಎಲ್ಲೋ ಕಳೆದುಕೊಂಡೆ. ಅವಳ ಮನೆಗೆ ಇನ್ನೊಮ್ಮೆ ಹೋಗುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ. ನಿನ್ನ ಪುಟ 131 ಓದಿದ ರಾತ್ರಿ ಅವಳ ಮುಖ ಎದುರಿಗೆ ಬಂದು ನಿಂತಿತು. ಹನ್ನೆರಡು ದಿನ ಪೆನ್ನು ಹಿಡಿಯಲಾಗಲಿಲ್ಲ.

ನಿನ್ನ ಹಸ್ತಪ್ರತಿಯನ್ನು ಈ ಕಾಗದದ ಜೊತೆ ವಾಪಸ್ ಕಳಿಸುತ್ತಿದ್ದೇನೆ. ಪುಟ 131 ಮತ್ತು 132 ಮಾತ್ರ ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ. ಬೇರೆ ಬರೆದು ಕಳಿಸು. ಮೇಷ್ಟರುಗಳಿಂದಲೇ ಶುರು ಮಾಡು. ಅವಸರ ಬೇಡ, ಮಳೆಗಾಲ ಮುಗಿಯುವವರೆಗೆ ಊರಲ್ಲೇ ಇರುತ್ತೇನೆ.

ನಾಮಾನ್ ಅಧ್ಯಾಯವನ್ನು ಮೊನ್ನೆ ನಮ್ಮ ಮನೆಯವಳಿಗೆ ಓದಿ ಹೇಳಿದೆ. ಕಾದಿಯಾಗೆ ಕಾಗದ ಬರುವ ಭಾಗ ಬಂದಾಗ ಕೈಯಲ್ಲಿದ್ದ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಕೂತಳು. ಸ್ವಲ್ಪ ಹೊತ್ತಾದ ಮೇಲೆ, ‘ಇದನ್ನ ಬರೆದವನು ಮಂತ್ರಿಯಾದ ಅಂದ್ರಲ್ಲ, ಮಂತ್ರಿಯಾಗಿ ಏನು ಮಾಡಿದ?’ ಎಂದು ಕೇಳಿದಳು. ಆ ಹುಡುಗಿ ಬರೆಯುತ್ತಿದ್ದಾಳೆ ಎಂದಿದ್ದೇನೆ.

ನಿನ್ನ
ಅಣ್ಣ